ರಜೆಯಲ್ಲಿ ಬಂದವರು

ಏಪ್ರಿಲ್ ಬಂತೆಂದರೆ ಮಕ್ಕಳು ಅಜ್ಜಿಮನೆಗೆ ಹೊರಡುವುದು ನಮಗೆ ಎಷ್ಟು ಸಹಜವೆಂದರೆ, ಹೋಗಲು ಅಜ್ಜಿಮನೆಯೇ ಇಲ್ಲದ ಮಕ್ಕಳೂ ಇರುತ್ತಾರೆ ಎಂಬುದು ಹೊಳೆಯುವುದೇ ಇಲ್ಲ. ಲಂಡನ್ನಿನ ಪೂರ್ವ ಭಾಗದಲ್ಲಿ, ವೈಟ್‌ಚಾಪೆಲ್ ಎಂಬ ಕೊಳಕು ಗಲ್ಲಿಗಳ ಬಡಾವಣೆಯಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಂಥ ಮಕ್ಕಳು ಸಾವಿರಗಟ್ಟಲೆ ಇದ್ದರು. ಒಂದೇ ಕೋಣೆಯಲ್ಲಿ ಇಡೀ ಸಂಸಾರ. ಶಾಲೆಗೆ ರಜೆ ಕೊಟ್ಟರೆ ಬೀದಿಯೇ ಗತಿ. ಮರ ಎಂದರೇನು, ಹೊಳೆ ಎಂದರೇನು ಎಂದು ನೋಡದೆ ದೊಡ್ಡವರಾಗುತ್ತಿದ್ದ ಮಕ್ಕಳು ಅವರು.

1877ರ ಬೇಸಿಗೆಯಲ್ಲಿ ಆ ಬಡಾವಣೆಯ ಪಾದ್ರಿಯ ಹೆಂಡತಿಯೊಬ್ಬಳಿಗೆ ಈ ಮಕ್ಕಳಲ್ಲಿ ಕೆಲವರನ್ನು ಹಳ್ಳಿಗೆ ಕಳಿಸಬೇಕೆಂದು ತೋರಿತು. ಹೆಸರು ಹೆನ್ರಿಯೆಟ್ಟಾ ಬಾರ್ನೆಟ್. ಹುಟ್ಟಿದ್ದು 1851ರಲ್ಲಿ, ಅನುಕೂಲಸ್ಥರ ಮನೆಯಲ್ಲಿ. ತಂದೆಯ ಮನೆತನದ್ದು ತಲೆಗೆ ಹಚ್ಚುವ ಎಣ್ಣೆಯ ವ್ಯಾಪಾರ, ಮಕಾಸರ್ ಎಣ್ಣೆ. ಆ ಎಣ್ಣೆ ಗಂಡಸರ ತಲೆಯಿಂದ ಕುರ್ಚಿಯ ಬೆನ್ನಿಗೆ ಹತ್ತಿ ಜಿಡ್ಡಾಗುತ್ತದೆಂದು ಇಂಗ್ಲೆಂಡಿನ ಹೆಂಗಸರು ಕ್ರೋಶಾ ಹಾಕಿದ ಬಟ್ಟೆ ಹೊದಿಸಲು ತೊಡಗಿದರಂತೆ. ನಮ್ಮ ತಾಯಂದಿರು ಮಧ್ಯಾಹ್ನವೆಲ್ಲ ಕೂತು ಹೆಣೆದು ಸೋಫಾದ ಬೆನ್ನಿಗೆ ಹಾಕುತ್ತಿದ್ದ ಆ ಬಿಳಿಯ ತುಂಡುಗಳ ವಂಶ ಅಲ್ಲಿಂದಲೇ ಬಂದದ್ದು. ಈ ಸಂಗತಿ ತಿಳಿದ ಮೇಲೆ ಹೆನ್ರಿಯೆಟ್ಟಾ ನನಗೆ ಸ್ವಲ್ಪ ಹತ್ತಿರದವಳಾದಳು ಎನ್ನಿ.

ಮದುವೆಗೆ ಮೊದಲೇ ಆಕೆ ಆಕ್ಟೇವಿಯಾ ಹಿಲ್ ಎಂಬ ಗಟ್ಟಿಗಿತ್ತಿಯ ಜೊತೆ ಬಡವರ ವಸತಿಗಳಲ್ಲಿ ಕೆಲಸ ಮಾಡಿದ್ದಳು. 1873ರಲ್ಲಿ ಸ್ಯಾಮುಯೆಲ್ ಬಾರ್ನೆಟ್ ಎಂಬ ಪಾದ್ರಿಯನ್ನು ಮದುವೆಯಾದಾಗ ಇಪ್ಪತ್ತೊಂದು ವರ್ಷ. ಗಂಡನಿಗೆ ಆಕ್ಸ್‌ಫರ್ಡಿನ ಹತ್ತಿರ ನೆಮ್ಮದಿಯ ಊರೊಂದು ಸಿಗಬಹುದಿತ್ತು. ಇಬ್ಬರೂ ಕೂಡಿ ಆರಿಸಿಕೊಂಡದ್ದು ವೈಟ್‌ಚಾಪೆಲ್ಲಿನ ಸಂತ ಜೂಡನ ಚರ್ಚನ್ನು. ತನ್ನ ಆಡಳಿತದಲ್ಲೇ ಅತಿ ಕೆಟ್ಟ ಜಾಗ ಅದೆಂದು ಲಂಡನ್ನಿನ ಬಿಷಪ್ಪರೇ ಎಚ್ಚರಿಸಿದ್ದರು.

ಮಕ್ಕಳನ್ನು ಹಳ್ಳಿಗೆ ಕಳಿಸುವುದು ಕೇಳಲು ಸುಲಭ. ಅದರ ಹಿಂದೆ ಎಷ್ಟು ಕೆಲಸವಿದೆ ಎಂಬುದು ಮದುವೆ ಮನೆಯ ಉಗ್ರಾಣ ನೋಡಿಕೊಂಡ ಹೆಂಗಸರಿಗೆ ಗೊತ್ತು. ಮನೆ ಮನೆ ಹತ್ತಿ ಇಳಿದು ಯಾವ ಮಗುವಿಗೆ ಹೆಚ್ಚು ಅಗತ್ಯವೆಂದು ನೋಡಬೇಕು. ಅಂಟುರೋಗವಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಹಳ್ಳಿಯಲ್ಲಿ ಇಟ್ಟುಕೊಳ್ಳುವವರನ್ನು ಹುಡುಕಬೇಕು. ರೈಲು, ಬಟ್ಟೆ, ಬೂಟು. ಹೆನ್ರಿಯೆಟ್ಟಾ ಮಾಡಿದ ಎರಡು ಕಟ್ಟಳೆಗಳು ನನಗೆ ಬಹಳ ಹಿಡಿಸಿದವು. ಮಕ್ಕಳು ಉಳಿಯಬೇಕಾದದ್ದು ಶ್ರೀಮಂತರ ಬಂಗಲೆಯಲ್ಲಿ ಅಲ್ಲ, ರೈತಕೂಲಿಗಳ ಸಣ್ಣ ಮನೆಗಳಲ್ಲಿ, ಆ ಮನೆಯಾಕೆಗೆ ಊಟ ವಸತಿಯ ಖರ್ಚು ಕೊಟ್ಟು. ಇನ್ನೊಂದು, ಮಗುವಿನ ತಂದೆತಾಯಿ ತಮ್ಮ ಕೈಲಾದಷ್ಟು ಕಾಸು ಸೇರಿಸಬೇಕು. ಬಡವರಿಂದ ಕಾಸು ಕೇಳುವುದೇ ಎಂದು ಹುಬ್ಬೇರಿಸಬೇಡಿ. ಪುಕ್ಕಟೆ ಕಳಿಸಿದ ಮಗು ಬೇರೆ, ತಾನು ದುಡ್ಡು ಕೂಡಿಟ್ಟು ರಜೆಗೆ ಕಳಿಸಿದ ಮಗು ಬೇರೆ. ಆ ತಾಯಿಗೆ ಬೀದಿಯಲ್ಲಿ ತಲೆ ಎತ್ತಿ ಹೇಳಿಕೊಳ್ಳಲು ಒಂದು ಮಾತು ಉಳಿಯುತ್ತಿತ್ತು.

ಎರಡು ವಾರ ಕಳೆದು ಮಕ್ಕಳು ಮರಳುತ್ತಿದ್ದರು. ಏನೇನು ನೋಡಿದಿರಿ ಎಂದು ಅವರಿಂದ ಕಾಗದ ಬರೆಯಿಸಿ, ಆ ಕಾಗದಗಳನ್ನು ಕೂತು ಓದಿ, ಹೆನ್ರಿಯೆಟ್ಟಾ ಅದರ ಮೇಲೆ ಲೇಖನವನ್ನೂ ಬರೆದಳು. 1884ರಲ್ಲಿ ಈ ಕೆಲಸಕ್ಕೆ ಮಕ್ಕಳ ಹಳ್ಳಿ ರಜೆಯ ನಿಧಿ ಎಂದೇ ಒಂದು ಸಂಸ್ಥೆಯಾಯಿತು. ವಿಚಿತ್ರವೆಂದರೆ ಅದೇ 1877ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದ ಶರ್ಮನ್ ಎಂಬ ಸಣ್ಣ ಊರಿನಲ್ಲಿ ವಿಲರ್ಡ್ ಪಾರ್ಸನ್ಸ್ ಎಂಬ ಪಾದ್ರಿ ತನ್ನ ಸಭೆಯವರನ್ನು ಕೇಳಿಕೊಂಡು ನ್ಯೂಯಾರ್ಕಿನ ಬಡ ಮಕ್ಕಳನ್ನು ಬೇಸಿಗೆಗೆ ಕರೆಸಿಕೊಂಡಿದ್ದ. 1901ರಲ್ಲಿ ಅದೇ ನ್ಯೂಯಾರ್ಕಿನಲ್ಲಿ ರಾಬರ್ಟ್ ಬೋವಿಲ್ ಎಂಬವರು, ರಜೆಯಲ್ಲಿ ಮುಚ್ಚಿರುವ ಚರ್ಚುಗಳನ್ನು ತೆರೆಸಿ, ರಜೆಯಲ್ಲಿ ಸುಮ್ಮನಿರುವ ಕಾಲೇಜು ವಿದ್ಯಾರ್ಥಿಗಳನ್ನು ಹಿಡಿದುತಂದು, ರಜೆಯಲ್ಲಿ ಬೀದಿ ಸುತ್ತುವ ಮಕ್ಕಳಿಗೆ ಹಾಡು, ಕೈಕೆಲಸ, ಬೈಬಲ್ ಕಥೆ ಕಲಿಸುವ ಏರ್ಪಾಡು ಮಾಡಿದರು. ನಮ್ಮ ಊರುಗಳ ಚರ್ಚಿನ ಅಂಗಳದಲ್ಲಿ ಬೇಸಿಗೆಯಲ್ಲಿ ಚಪ್ಪಾಳೆ ತಟ್ಟುತ್ತ ಹಾಡುವ ಮಕ್ಕಳ 'ವಿ.ಬಿ.ಎಸ್.' ಆ ಮರದ ಟೊಂಗೆಯೇ. ಕಾಲೇಜು ಹುಡುಗ ಹುಡುಗಿಯರು ರಜೆಯ ಕೆಲವು ವಾರ ಬಡ ಮಕ್ಕಳ ನಡುವೆ ಕಳೆದು ಬರುವುದನ್ನು ಈಗ ಇಂಟರ್ನ್‌ಶಿಪ್ ಎಂಬ ದೊಡ್ಡ ಹೆಸರಿನಿಂದ ಕರೆಯುತ್ತಾರೆ, ಪ್ರಮಾಣಪತ್ರವನ್ನೂ ಕೊಡುತ್ತಾರೆ. ಅದರ ಬೇರು ಎಲ್ಲಿದೆಯೆಂದು ಹುಡುಕಿದರೆ ಮತ್ತೆ ವೈಟ್‌ಚಾಪೆಲ್ಲಿಗೇ ಬರಬೇಕು.

1883ರಲ್ಲಿ ಲಂಡನ್ನಿನ ಬಡತನದ ಬಗ್ಗೆ ಆ್ಯಂಡ್ರ್ಯೂ ಮರ್ನ್ಸ್ ಎಂಬ ಪಾದ್ರಿಯ ಹೆಸರಿನಲ್ಲಿ ಬಂದ ಸಣ್ಣ ಪುಸ್ತಿಕೆಯೊಂದು ಸುಖವಾಗಿದ್ದವರ ನಿದ್ದೆ ಕೆಡಿಸಿತ್ತು. ಆ ವರ್ಷದ ನವೆಂಬರಿನಲ್ಲಿ ಸ್ಯಾಮುಯೆಲ್ ಬಾರ್ನೆಟ್ ಆಕ್ಸ್‌ಫರ್ಡಿಗೆ ಹೋಗಿ ವಿದ್ಯಾರ್ಥಿಗಳ ಮುಂದೆ ಒಂದು ಮಾತು ಇಟ್ಟರು. ಬಡವರಿಗಾಗಿ ಹಣ ಕಳಿಸಬೇಡಿ, ನೀವೇ ಬನ್ನಿ, ಅವರ ಅಕ್ಕಪಕ್ಕದಲ್ಲಿ ವಾಸ ಮಾಡಿ ಎಂಬುದು ಅದರ ತಿರುಳು. 1884ರ ಕ್ರಿಸ್‌ಮಸ್‌ನ ಮುನ್ನಾ ದಿನ ಟಾಯ್ನ್‌ಬೀ ಹಾಲ್‌ನಲ್ಲಿ ಮೊದಲ ಹುಡುಗರು ಬಂದು ಇಳಿದರು. ಕೆಲವರು ವರ್ಷಗಟ್ಟಲೆ ಉಳಿದರು, ಕೆಲವರು ರಜೆಗಷ್ಟೇ ಬಂದುಹೋದರು. ಇಂಥ ಮನೆಗಳಿಗೆ 'ಸೆಟ್ಲ್‌ಮೆಂಟ್' ಎಂಬ ಹೆಸರು ಬಿತ್ತು. ನೆಲೆಸುವ ಮನೆ ಎನ್ನೋಣ.

ಬಂದವರು ಪ್ರಾರ್ಥನೆ ಮಾಡಿಸಬೇಕೇ ಬೇಡವೇ ಎಂಬ ಜಗಳ ಅಂದೇ ಹುಟ್ಟಿತು. ಬಾರ್ನೆಟ್ ದಂಪತಿಗಳು ಭಕ್ತ ಕ್ರೈಸ್ತರೇ. ಆದರೂ ನೆಲೆಮನೆಗೆ ಬರುವವರ ಮತ ಕೇಳಲಿಲ್ಲ. ಸುತ್ತಮುತ್ತ ಯೆಹೂದಿ ಸಂಸಾರಗಳೂ ಬೇಕಾದಷ್ಟಿದ್ದವು. ಇದು ಸಾಕಷ್ಟು ಕ್ರೈಸ್ತವಲ್ಲ ಎಂದು ಮುನಿದ ಆಕ್ಸ್‌ಫರ್ಡಿನ ಇನ್ನೊಂದು ಗುಂಪು ಅದೇ 1884ರಲ್ಲಿ ಪಕ್ಕದ ಬೆತ್ನಲ್ ಗ್ರೀನ್‌ನಲ್ಲಿ ಆಕ್ಸ್‌ಫರ್ಡ್ ಹೌಸ್ ಎಂಬ ಬೇರೆ ಮನೆ ಹೂಡಿತು. ಸೇವೆಯೋ ಮತಪ್ರಚಾರವೋ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಹೊರಗಿನವರು ಕೇಳುತ್ತಾರೆ. ಅಲ್ಲಿ ಒಳಗಿನವರೇ ನೂರ ನಲವತ್ತು ವರ್ಷದ ಹಿಂದೆ ಕೇಳಿಕೊಂಡು ಎರಡು ಮನೆಯಾಗಿದ್ದರು.

ಟಾಯ್ನ್‌ಬೀ ಹಾಲ್‌ನಲ್ಲಿ ವಾಸಕ್ಕೆ ಅವಕಾಶವಿದ್ದದ್ದು ಗಂಡಸರಿಗೆ ಮಾತ್ರ. ಹಾಗಾಗಿ 1887ರಲ್ಲಿ ಕೇಂಬ್ರಿಡ್ಜ್, ಆಕ್ಸ್‌ಫರ್ಡಿನ ಮಹಿಳಾ ಕಾಲೇಜುಗಳ ಹುಡುಗಿಯರು ಕೂಡಿ ಥೇಮ್ಸ್ ನದಿಯ ಆಚೆ, ಸದರ್ಕ್‌ನ ನೆಲ್ಸನ್ ಚೌಕದಲ್ಲಿ ತಮ್ಮದೇ ಮನೆ ಮಾಡಿದರು. ಈ ಹುಡುಗಿಯರ ಸ್ಥಿತಿ ನೋಡಿ: ಗಂಡುಮಕ್ಕಳು ಓದಿದ್ದನ್ನೇ ಓದಿ, ಅದೇ ಪರೀಕ್ಷೆ ಬರೆದು ಪಾಸಾದರೂ ಪದವಿ ಇಲ್ಲ. ಆಕ್ಸ್‌ಫರ್ಡ್ ಹೆಣ್ಣುಮಕ್ಕಳಿಗೆ ಪದವಿ ಕೊಟ್ಟದ್ದು 1920ರಲ್ಲಿ, ಕೇಂಬ್ರಿಡ್ಜ್ 1948ರಲ್ಲಿ. ನಮ್ಮ ದೇಶ ಸ್ವತಂತ್ರವಾದ ಮರುವರ್ಷ! ಅಷ್ಟು ಓದಿಕೊಂಡು ಮನೆಯಲ್ಲಿ ಕೂರಲಾರದ ಈ ಹುಡುಗಿಯರಿಗೆ ಬಡವರ ಬೀದಿಯೇ ಮೊದಲ ಕಚೇರಿಯಾಯಿತು. ಬಡವರಿಗೆ ಇವರು ಬೇಕಾಗಿದ್ದರೋ, ಇವರಿಗೆ ಬಡವರು ಬೇಕಾಗಿದ್ದರೋ ಎಂದು ಯಾರಾದರೂ ಕೊಂಕು ಕೇಳಿದರೆ ಎರಡೂ ನಿಜವೆಂದೇ ನಾನು ಹೇಳುವುದು.

ಆದರೆ ಕರುಣೆ ಇದ್ದರೆ ಸಾಲದೆಂದು ಈ ಹುಡುಗಿಯರಿಗೆ ಬೇಗ ತಿಳಿಯಿತು. ಕೆಮ್ಮುವ ಮಗುವಿನ ತಾಯಿಗೆ ಸಮಾಧಾನ ಹೇಳಿ ಬಂದರೆ ಕೆಮ್ಮು ನಿಲ್ಲುವುದಿಲ್ಲ. ಬಾಡಿಗೆ ಎಷ್ಟು, ಗಂಡನ ಕೂಲಿ ಎಷ್ಟು, ಯಾವ ಕಾನೂನು ಏನು ಹೇಳುತ್ತದೆ, ಯಾವ ಕಚೇರಿಯ ಬಾಗಿಲು ತಟ್ಟಬೇಕು ಎಂಬುದೆಲ್ಲ ಗೊತ್ತಿರಬೇಕು. ಸದರ್ಕ್‌ನ ಮನೆ ಹೊಸಬರಿಗೆ ಪಾಠ, ಉಪನ್ಯಾಸ, ಅನುಭವಿಗಳ ಜೊತೆ ಮನೆಭೇಟಿ ಎಂದು ಕ್ರಮ ಹಾಕಿ ಕಲಿಸಲು ತೊಡಗಿತು. ಲಂಡನ್ನಿನಲ್ಲಿ ಸಮಾಜಕಾರ್ಯ ಎಂಬ ವಿದ್ಯೆ ಶುರುವಾದದ್ದು ಹೀಗೆ. ಅದು ಮುಂದೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿತು.

ಇತ್ತ ಹೆನ್ರಿಯೆಟ್ಟಾ ಹಳ್ಳಿ ರಜೆಯಲ್ಲೇ ನಿಂತುಬಿಟ್ಟಿದ್ದರೆ ನಾನು ಆಕೆಯ ಬಗ್ಗೆ ಇಷ್ಟೊಂದು ಬರೆಯುತ್ತಿರಲಿಲ್ಲ. ಆಗ ಇಂಗ್ಲೆಂಡಿನಲ್ಲಿ ಅನಾಥ, ನಿರ್ಗತಿಕ ಮಕ್ಕಳನ್ನು ಸರ್ಕಾರದ ಖರ್ಚಿನಲ್ಲಿ ಭಾರಿ ಶಾಲೆಗಳಲ್ಲಿ ಇಡುತ್ತಿದ್ದರು. ಒಂದೊಂದು ಕಟ್ಟಡದಲ್ಲಿ ನೂರಾರು ಮಕ್ಕಳು. ಜನ ಅದನ್ನು ಬ್ಯಾರಕ್ ಶಾಲೆ ಎನ್ನುತ್ತಿದ್ದರು. 1875ರಿಂದ ಹೆನ್ರಿಯೆಟ್ಟಾ ಫಾರೆಸ್ಟ್ ಗೇಟ್ ಎಂಬಲ್ಲಿದ್ದ ಇಂಥ ಶಾಲೆಯ ಆಡಳಿತದವರಲ್ಲಿ ಒಬ್ಬಳು. ಅಲ್ಲಿ ಮಕ್ಕಳಿಗೆ ಅನ್ನವಿತ್ತು, ಬಟ್ಟೆಯಿತ್ತು, ಗಂಟೆ ಬಾರಿಸಿದರೆ ಏಳುವ, ಗಂಟೆ ಬಾರಿಸಿದರೆ ಮಲಗುವ ಶಿಸ್ತಿತ್ತು. ತಮ್ಮದೇ ಎನ್ನುವ ಒಂದು ಮೂಲೆ ಇರಲಿಲ್ಲ. 1890ರ ಹೊಸವರ್ಷದ ದಿನ ಆ ಶಾಲೆಗೆ ಬೆಂಕಿ ಬಿತ್ತು. ಮಲಗುವ ಕೋಣೆಯಲ್ಲಿದ್ದ 26 ಹುಡುಗರು ಸತ್ತರು.

ಇಂಥ ಶಾಲೆಗಳ ವಿಚಾರಣೆಗೆ ಸರ್ಕಾರ 1894ರಲ್ಲಿ ನೇಮಿಸಿದ ಸಮಿತಿಯಲ್ಲಿ ಹೆನ್ರಿಯೆಟ್ಟಾ ಇದ್ದಳು. ಎರಡು ವರ್ಷ ಶಾಲೆಯಿಂದ ಶಾಲೆಗೆ ಅಲೆದು, ಸಾಕ್ಷಿ ಕೇಳಿ, 1896ರಲ್ಲಿ ಸಮಿತಿ ವರದಿ ಕೊಟ್ಟಿತು. ಮಕ್ಕಳನ್ನು ರಾಶಿ ಹಾಕಿ ಸಾಕಬೇಡಿ, ಸಣ್ಣ ಮನೆಗಳಲ್ಲಿ, ಸಂಸಾರಗಳ ನಡುವೆ ಬೆಳೆಸಿ ಎಂದು ಆಕೆ ಮುಂದೆಯೂ ಬೆನ್ನುಹತ್ತಿ ಹೋರಾಡಿದಳು, ಅದಕ್ಕಾಗಿ ಸಂಘ ಕಟ್ಟಿದಳು. ಹಳ್ಳಿಯ ರೈತಕೂಲಿಯ ಅಡುಗೆಮನೆಯಲ್ಲಿ ಎರಡು ವಾರ ಕಳೆದ ಮಗುವಿನ ಕೆನ್ನೆ ಹೇಗೆ ತುಂಬಿಕೊಳ್ಳುತ್ತದೆಂದು ಇಪ್ಪತ್ತು ವರ್ಷ ನೋಡಿದವಳ ವಾದ ಅದು. ಮಾನಸಶಾಸ್ತ್ರದ ಪುಸ್ತಕ ಓದಿ ಬಂದದ್ದಲ್ಲ.

ಹೀಗೆ ಬಂದು ಸಿಕ್ಕಿಬಿದ್ದವರಲ್ಲಿ ನಮಗೆ ಗೊತ್ತಿರುವ ಒಬ್ಬ ಗಂಡಸೂ ಇದ್ದಾನೆ. 1905ರ ಅಕ್ಟೋಬರಿನಲ್ಲಿ, ಇಪ್ಪತ್ತೆರಡು ವರ್ಷದ ಯುವಕನೊಬ್ಬ ತಾನು ಓದಿದ ಶಾಲೆಯವರು ಪೂರ್ವ ಲಂಡನ್ನಿನಲ್ಲಿ ನಡೆಸುತ್ತಿದ್ದ ಹುಡುಗರ ಕ್ಲಬ್ಬನ್ನು ಒಂದು ಸಂಜೆ ಸುಮ್ಮನೆ ನೋಡಿಬರಲು ಹೋದ. ಮತ್ತೆ ಹೋದ. ಆಮೇಲೆ ಅಲ್ಲೇ ವಾಸಕ್ಕೆ ನಿಂತ. ಟಾಯ್ನ್‌ಬೀ ಹಾಲ್‌ನ ಕಾರ್ಯದರ್ಶಿಯಾಗಿಯೂ ಕೆಲವು ಕಾಲ ಇದ್ದ. ಹೆಸರು ಕ್ಲೆಮೆಂಟ್ ಆಟ್ಲಿ. 1947ರಲ್ಲಿ ನಮಗೆ ಸ್ವಾತಂತ್ರ್ಯ ಬಂದಾಗ ಬ್ರಿಟನ್ನಿನ ಪ್ರಧಾನಿಯಾಗಿದ್ದ ಅದೇ ಆಟ್ಲಿ.

ಆಟ್ಲಿಯ ಸರ್ಕಾರದ ಕಾಲದಲ್ಲಿ, 1946ರ ಆಗಸ್ಟಿನಲ್ಲಿ, ಬ್ರಿಟನ್ನಿನ ಸಂಸಾರಗಳಿಗೆ ಎರಡನೆಯ ಮಗುವಿನಿಂದ ಆಚೆಗೆ ತಲೆಗೆ ವಾರಕ್ಕೆ 5 ಶಿಲ್ಲಿಂಗ್‌ನಂತೆ ಭತ್ಯ ಸಿಗತೊಡಗಿತು. ದುಡ್ಡು ತಾಯಿಯ ಕೈಗೆ! ಕರಡಿನಲ್ಲಿ ತಂದೆಯ ಕೈಗೆ ಎಂದಿತ್ತು. ಅದನ್ನು ತಾಯಿಗೆಂದು ತಿದ್ದಿಸಿದವಳು ಎಲಿನೋರ್ ರಾತ್‌ಬೋನ್. ಆಕೆಯೂ ಆಕ್ಸ್‌ಫರ್ಡಿನ ಸೊಮರ್‌ವಿಲ್ ಕಾಲೇಜಿನಲ್ಲಿ ಓದಿ, ಲಿವರ್‌ಪೂಲಿನ ಹೆಂಗಸರ ನೆಲೆಮನೆಯೊಂದರ ಜೊತೆ ಕೆಲಸ ಮಾಡಿದವಳೇ. ಗಂಡನ ಸಂಬಳ ಮನೆ ಮುಟ್ಟುವ ಮೊದಲು ಎಲ್ಲೆಲ್ಲಿ ಸೋರುತ್ತದೆಂದು ಆ ಬೀದಿಗಳಲ್ಲಿ ಕಂಡಿದ್ದಳು. ಈ ಭತ್ಯಕ್ಕಾಗಿ ಕಾಲು ಶತಮಾನ ಬಡಿದಾಡಿದ ಆಕೆ ತೀರಿಕೊಂಡದ್ದು 1946ರ ಜನವರಿಯಲ್ಲಿ. ಯಾವ ತಾಯಿಯ ಕೈಗೂ ಆ ಐದು ಶಿಲ್ಲಿಂಗ್ ಬಿದ್ದದ್ದನ್ನು ನೋಡಲಿಲ್ಲ.

ಇಷ್ಟು ದೊಡ್ಡ ಮನಸ್ಸಿನ ರಾತ್‌ಬೋನ್‌ಗೂ ನಮ್ಮವರೊಬ್ಬರು ಮುಖಕ್ಕೇ ಉತ್ತರ ಕೊಟ್ಟ ಪ್ರಸಂಗ ಇದೆ. ಕ್ಯಾಥರೀನ್ ಮೇಯೋ 1927ರಲ್ಲಿ ಬರೆದ 'ಮದರ್ ಇಂಡಿಯಾ' ಓದಿ ಭಾರತದ ಹೆಂಗಸರ ದುಃಖಕ್ಕೆ ಮರುಗಿದ ರಾತ್‌ಬೋನ್ 1929ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಒಂದು ಸಮ್ಮೇಳನ ಕರೆದಳು. ಆಕೆ ಆಗಿನ್ನೂ ಭಾರತಕ್ಕೆ ಕಾಲಿಟ್ಟಿರಲಿಲ್ಲ. ಬಾಲ್ಯವಿವಾಹ ತಡೆಯುವ ಶಾರದಾ ಕಾಯಿದೆಯನ್ನು ನಮ್ಮವರೇ ಆ ಹೊತ್ತಿಗೆ ಪಾಸು ಮಾಡಿಸಿಕೊಂಡಿದ್ದರು. ಸಭೆಯಲ್ಲಿ ಧನ್ವಂತಿ ರಾಮರಾವ್ ಎದ್ದುನಿಂತು, ನಮ್ಮ ಸಮಾಜದ ಕೆಡುಕುಗಳನ್ನು ಸರಿಪಡಿಸುವ ಹೊಣೆಯನ್ನು ನೀವು ಹೊತ್ತುಕೊಳ್ಳಬೇಕಿಲ್ಲ, ಆ ಕೆಲಸ ನಾವೇ ಮಾಡುತ್ತಿದ್ದೇವೆ ಎಂಬರ್ಥದಲ್ಲಿ ಖಡಾಖಂಡಿತವಾಗಿ ಪ್ರತಿಭಟಿಸಿದರು. ಕಾಶ್ಮೀರಿ ಮನೆತನದ ಈ ಧನ್ವಂತಿ ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ, 1893ರಲ್ಲಿ. ಕೈಹಿಡಿದದ್ದು ಬೆನಗಲ್ ರಾಮರಾಯರನ್ನು. ಮುಂದೆ ಅಖಿಲ ಭಾರತ ಮಹಿಳಾ ಪರಿಷತ್ತಿನ ಅಧ್ಯಕ್ಷೆಯಾದರು, 1949ರಲ್ಲಿ ಕುಟುಂಬ ಯೋಜನಾ ಸಂಘ ಕಟ್ಟಿದವರಲ್ಲಿ ಮುಖ್ಯರಾದರು. ಸಹಾಯಕ್ಕೆ ಬಂದವರ ಮುಂದೆ ಸಹಾಯ ಪಡೆಯಬೇಕಾದವರು ಹೀಗೆ ತಲೆ ಎತ್ತಿ ಮಾತಾಡಿದ ಪ್ರಸಂಗಗಳು ಚರಿತ್ರೆಯಲ್ಲಿ ಕಡಿಮೆ. ವೈಟ್‌ಚಾಪೆಲ್ಲಿನ ತಾಯಂದಿರು ಹೆನ್ರಿಯೆಟ್ಟಾಳ ಬೆನ್ನ ಹಿಂದೆ ಏನು ಮಾತಾಡಿಕೊಳ್ಳುತ್ತಿದ್ದರೋ, ಅದನ್ನು ಕೂತು ಬರೆಯಲು ಅವರಿಗೆ ಬಿಡುವೆಲ್ಲಿತ್ತು?

ಲಂಡನ್ನಿನ ಈ ಗಾಳಿ ನಮ್ಮ ಕಡೆಗೆ ಬೀಸಿದ್ದು ಚಿಕಾಗೋ ಸುತ್ತಿಕೊಂಡು. ಟಾಯ್ನ್‌ಬೀ ಹಾಲ್ ನೋಡಿ ಹೋದ ಜೇನ್ ಆ್ಯಡಮ್ಸ್ 1889ರಲ್ಲಿ ಚಿಕಾಗೋದಲ್ಲಿ ಹಲ್ ಹೌಸ್ ತೆರೆದಳು. ಆ ನಗರದಲ್ಲಿ ಓದಿದ ಕ್ಲಿಫರ್ಡ್ ಮಾನ್ಸ್‌ಹಾರ್ಟ್ ಎಂಬ ಪಾದ್ರಿಯನ್ನು ಅಮೆರಿಕನ್ ಮರಾಠಿ ಮಿಷನ್ ಮುಂಬಯಿಗೆ ಕಳಿಸಿತು. 1926ರಲ್ಲಿ ನಾಗಪಾಡದ ಇಕ್ಕಟ್ಟಿನ ಬಡಾವಣೆಯಲ್ಲಿ ನೆರೆಮನೆ ಎಂಬರ್ಥದ ಹೆಸರಿಟ್ಟು ಕೆಲಸ ಶುರುವಾಯಿತು. ಸುತ್ತ ಮುಸಲ್ಮಾನರು, ಯೆಹೂದಿಗಳು, ಹಿಂದೂಗಳು. ಮಿಷನ್ನಿನ ಮನುಷ್ಯನಾದರೂ ಮಾನ್ಸ್‌ಹಾರ್ಟ್ ಅಲ್ಲಿ ಮತಾಂತರದ ಗೊಡವೆಗೆ ಹೋಗಲಿಲ್ಲ. ಮಕ್ಕಳಿಗೆ ಆಟ, ತಾಯಂದಿರಿಗೆ ದವಾಖಾನೆ, ಓದುವವರಿಗೆ ಪುಸ್ತಕ. ಸದರ್ಕ್‌ನ ಹುಡುಗಿಯರಿಗೆ ಹೊಳೆದದ್ದೇ ಇವರಿಗೂ ಹೊಳೆಯಿತು: ಕಲಿತ ಕೈಗಳು ಬೇಕು. ಟಾಟಾ ಟ್ರಸ್ಟಿನ ನೆರವಿನಿಂದ 1936ರಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ ಅಲ್ಲೇ ತೆರೆಯಿತು, ಮಾನ್ಸ್‌ಹಾರ್ಟ್ ಮೊದಲ ನಿರ್ದೇಶಕ. ಈಗ ಎಲ್ಲರಿಗೂ ಗೊತ್ತಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. ಹೆನ್ರಿಯೆಟ್ಟಾ ಕಣ್ಣು ಮುಚ್ಚಿದ್ದೂ ಅದೇ 1936ರಲ್ಲಿ, ಜೂನ್ ತಿಂಗಳಲ್ಲಿ.

ನಮ್ಮ ಮಂಗಳೂರಿಗೆ ಈ ವಿದ್ಯೆ 1960ರಲ್ಲಿ ಬಂತು. ರೋಶನಿ ನಿಲಯದ ಸಮಾಜಕಾರ್ಯ ಶಾಲೆಯನ್ನು ತೆರೆದವರು ಮರಿಯಮ್ಮನ ಹೃದಯದ ಪುತ್ರಿಯರು ಎಂಬ ಕ್ಯಾಥೊಲಿಕ್ ಸಭೆಯ ಸೋದರಿಯರು. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ಹುಟ್ಟಿದ ಸಭೆ ಅದು. ಕನ್ಯಾಮಠಗಳನ್ನು ಮುಚ್ಚಿಸುತ್ತಿದ್ದ ದಿನಗಳಾದ್ದರಿಂದ ಅವರು ಸಮವಸ್ತ್ರವಿಲ್ಲದೆ, ಉಳಿದ ಹೆಂಗಸರಂತೆಯೇ ಉಡುಪು ತೊಟ್ಟು ಊರಿನ ನಡುವೆ ಇದ್ದರು. ಇಂದಿಗೂ ಹಾಗೆಯೇ. ಬಸ್ಸಿನಲ್ಲಿ ಪಕ್ಕದಲ್ಲಿ ಸೀರೆಯುಟ್ಟು ಕೂತವರು ಸಿಸ್ಟರ್ ಎಂದು ಗೊತ್ತೇ ಆಗುವುದಿಲ್ಲ. ಮೊದಲ ಪ್ರಾಂಶುಪಾಲೆ ಒಲಿಂಡಾ ಪಿರೇರಾ ಅವರ ಹೆಸರನ್ನು ಆ ಕಡೆಯ ಎಷ್ಟೋ ಮನೆಗಳಲ್ಲಿ ಇನ್ನೂ ಗೌರವದಿಂದ ಹೇಳುತ್ತಾರೆ. ಮುದುಕರ ಆರೈಕೆಗೂ ಅವರು ಬಹಳ ದುಡಿದರು.

ಸಮಾಜಕಾರ್ಯ ಓದುವ ಹುಡುಗಿಯರು ಕ್ಷೇತ್ರಕಾರ್ಯ ಎಂದು ವಾರಕ್ಕೆ ಎರಡು ದಿನ ಕೇರಿಗಳಿಗೆ ಹೋಗುತ್ತಾರೆ. ನಾವು ಕರಾವಳಿಯ ಒಂದು ಊರಿನಲ್ಲಿ ಬಾಡಿಗೆಗಿದ್ದಾಗ, ತೊಂಬತ್ತರ ದಶಕದ ನಡುವಿನಲ್ಲಿ, ಹಿಂದಿನ ಸಾಲು ಮನೆಗಳಿಗೂ ಅಂಥ ಒಬ್ಬಳು ಬರುತ್ತಿದ್ದಳು. ಬಡಕಲು ಹುಡುಗಿ, ಹೆಗಲಿಗೆ ಜೋಳಿಗೆ, ಕೈಯಲ್ಲಿ ಉದ್ದ ಪುಸ್ತಕ. ಅಲ್ಲಿ ಎಲ್ಲ ಮನೆಯ ಜಗಲಿಯಲ್ಲೂ ಹೆಂಗಸರು ಬೀಡಿ ಕಟ್ಟುತ್ತಿದ್ದರು. ಮೊದಲ ದಿನ ನಾನು ಬಾವಿಕಟ್ಟೆಯಲ್ಲಿದ್ದೆ. ಮೂಲೆ ಮನೆಯಾಕೆ ಮೊರದಿಂದ ತಲೆ ಎತ್ತದೆ ತುಳುವಿನಲ್ಲಿ ಕೇಳಿದಳು, "ಅಕ್ಕಾ, ನೀವು ಎಷ್ಟು ದಿನ ಇರುತ್ತೀರಿ?"

ಹುಡುಗಿ ಮಾರ್ಚಿಯವರೆಗೆ ಎಂದಳು.

"ಮತ್ತೆ?"

ಹುಡುಗಿ ಸುಮ್ಮನಾದಳು. ಬೀಡಿ ಕಟ್ಟುವಾಕೆ ನಕ್ಕು, "ಬರುವವರೆಲ್ಲ ಹೆಸರು ಬರೆದುಕೊಂಡು ಹೋಗುತ್ತಾರೆ. ಬರೆಯಿರಿ, ನನ್ನದೂ ಬರೆಯಿರಿ" ಎಂದಳು. ನನಗೆ ಹುಡುಗಿಯ ಮುಖ ನೋಡಲಾಗಲಿಲ್ಲ, ಕೊಡ ಎತ್ತಿಕೊಂಡು ಒಳಗೆ ಬಂದೆ.

ಆದರೆ ಹುಡುಗಿ ಬಿಡಲಿಲ್ಲ. ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ 1976ರಲ್ಲೇ ಕಾಯಿದೆಯಾಗಿತ್ತು. ಅದರಿಂದ ಅವರ ಮಕ್ಕಳಿಗೆ ವಿದ್ಯಾರ್ಥಿವೇತನ ಸಿಗುತ್ತಿತ್ತು. ಮೂಲೆ ಮನೆಯಾಕೆಗೆ ಎಂಟನೆಯ ತರಗತಿಯ ಮಗಳಿದ್ದಳು, ಶಾಲೆ ಬಿಡಿಸಿ ಮೊರದ ಮುಂದೆ ಕೂರಿಸುವ ಮಾತು ನಡೆದಿತ್ತು. ವಿದ್ಯಾರ್ಥಿವೇತನಕ್ಕೆ ತಾಯಿಯ ಗುರುತಿನ ಚೀಟಿ ಬೇಕು. ಚೀಟಿಗೆ ಬೀಡಿ ಬ್ರಾಂಚಿನವರ ಸಹಿ ಬೇಕು. ಬ್ರಾಂಚಿನವರು ಇವತ್ತು ಬಾ, ನಾಳೆ ಬಾ. ಇಡೀ ಸಾಲಿನಲ್ಲಿ ಹೆಚ್ಚಿನವರ ಬಳಿ ಚೀಟಿಯೇ ಇರಲಿಲ್ಲ. ಹುಡುಗಿ ಉದ್ದ ಪುಸ್ತಕದಲ್ಲಿ ಮನೆ ಮನೆಯ ಲೆಕ್ಕ ಬರೆದಳು: ಯಾರು ಎಷ್ಟು ವರ್ಷದಿಂದ ಕಟ್ಟುತ್ತಾರೆ, ದಿನಕ್ಕೆ ಎಷ್ಟು ಬೀಡಿ, ಎಷ್ಟು ಮಕ್ಕಳು, ಯಾವ ತರಗತಿ. ಹೆಂಗಸರನ್ನು ಒಟ್ಟು ಸೇರಿಸಿ ಬ್ರಾಂಚಿಗೆ ಕರೆದುಕೊಂಡು ಹೋದದ್ದು ಒಮ್ಮೆಯಲ್ಲ. ಮಾರ್ಚಿ ಬಂದಾಗ ಏಳು ಜನರ ಚೀಟಿ ಆಗಿತ್ತು. ಮೂಲೆ ಮನೆಯಾಕೆಯದು ಆಗಿರಲಿಲ್ಲ.

ಹುಡುಗಿ ಪರೀಕ್ಷೆ ಬರೆದು ತನ್ನ ಊರಿಗೆ ಹೋದಳು. ಮಗಳು ಆ ಬೇಸಿಗೆಯಿಡೀ ಬೀಡಿಯ ಬಾಯಿ ಮಡಚುತ್ತ ಕೂತಿದ್ದಳು. ಜೂನ್ ಕಳೆದು ಜುಲೈಯಲ್ಲಿ, ಧೋ ಎಂದು ಮಳೆ ಸುರಿಯುವ ಒಂದು ಬೆಳಿಗ್ಗೆ, ಬೇರೊಬ್ಬ ಹುಡುಗಿ ಬಂದಳು. ಕೊಡೆ ಮಡಚಿ ಜಗಲಿಯ ಅಂಚಿಗೆ ಒರಗಿಸಿ, ಪ್ಲಾಸ್ಟಿಕ್ ಚೀಲದಿಂದ ಅದೇ ಉದ್ದ ಪುಸ್ತಕ ತೆಗೆದು, ಮೂಲೆ ಮನೆಯಾಕೆಯ ಹೆಸರು ಓದಿ, ಈ ಮನೆ ಯಾವುದು ಎಂದು ನನ್ನನ್ನು ಕೇಳಿದಳು.